ಬ್ಲೈಂಡ್ ಗಾರ್ಡಿಯನ್: ವೇಷ ಕಟ್ಟದ ಕಥೆಗಾರರು

ಪ್ರಶ್ನೆ: ನನ್ನ ಮಗ ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ರಜೆಗೆ ಬಂದಾಗೆಲ್ಲ ಬ್ಲೈಂಡ್ ಗಾರ್ಡಿಯನ್ ಎಂಬ ಜರ್ಮನ್ ಬ್ಯಾಂಡಿನ ಹಾಡು ಹಾಕುತ್ತಾನೆ. ಅವನ ಟೀ-ಶರ್ಟಿನ ಮೇಲೂ ಡ್ರ್ಯಾಗನ್, ಮಾಂತ್ರಿಕರ ಚಿತ್ರ. ಇದು ಸೈತಾನನ ಪೂಜೆ ಇರಬಹುದೇನೋ ಎಂದು ನನ್ನ ತಾಯಿಗೆ ಭಯ. ನಾನು ಕುಂದಾಪುರದ ಕಡೆಯವನು. ಯಕ್ಷಗಾನ, ತಾಳಮದ್ದಳೆ ಎಂದರೆ ಪ್ರಾಣ. 'ಅಪ್ಪ, ಇವರೂ ನಿಮ್ಮ ಭಾಗವತರ ಹಾಗೆ ಕಥೆ ಹೇಳೋರೇ' ಎನ್ನುತ್ತಾನೆ ಮಗ. ನನಗೆ ಗದ್ದಲ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಈ ಬ್ಯಾಂಡಿನ ಚರಿತ್ರೆ ಏನು? ಮಗನ ಮಾತಿನಲ್ಲಿ ಹುರುಳಿದೆಯೇ? ನನ್ನಂಥವನು ಎಲ್ಲಿಂದ ಕೇಳಲು ಶುರು ಮಾಡಬೇಕು?
ಒಬ್ಬ ಓದುಗರು, ಡೊಂಬಿವಲಿ

ಉತ್ತರ: ಮೊದಲು ನಿಮ್ಮ ತಾಯಿಯವರ ಭಯದ ವಿಷಯ ಮುಗಿಸೋಣ. ಅದಕ್ಕೆ ಸ್ವಲ್ಪ ಆಧಾರವೂ ಇದೆ, ಆದರೆ ಭಯ ಪಡುವಂಥದ್ದು ಏನೂ ಇಲ್ಲ.

ಈ ಬ್ಯಾಂಡು 1984ರಲ್ಲಿ ಆಗಿನ ಪಶ್ಚಿಮ ಜರ್ಮನಿಯ ಕ್ರೇಫೆಲ್ಡ್ ಎಂಬ ಊರಿನಲ್ಲಿ ಶುರುವಾಯಿತು. ಆಗ ಇದ್ದ ಹೆಸರು ಲೂಸಿಫರ್ಸ್ ಹೆರಿಟೇಜ್, ಅಂದರೆ ಸೈತಾನನ ಪರಂಪರೆ. ಹದಿನೇಳು ಹದಿನೆಂಟರ ಹುಡುಗರು. ಆ ಕಾಲದಲ್ಲಿ ಮೆಟಲ್, ಅಂದರೆ ಗಡುಸು ಗಿಟಾರಿನ ಜೋರು ರಾಕ್ ನುಡಿಸುವ ಬ್ಯಾಂಡ್ ಎಂದರೆ ಹೆಸರು ಕೇಳಿದವರು ಬೆಚ್ಚಬೇಕು, ಅಷ್ಟೇ ಲೆಕ್ಕ. 1985 ಮತ್ತು 86ರಲ್ಲಿ ಎರಡು ಡೆಮೊ ಕ್ಯಾಸೆಟ್ ಮಾಡಿದರು. ಹೆಸರಿನಲ್ಲಿ ಲೂಸಿಫರ್ ಇದ್ದದ್ದರಿಂದ ಅಂಗಡಿಯವರು ಎರಡನೆಯದನ್ನು ಬ್ಲ್ಯಾಕ್ ಮೆಟಲ್ ಎಂಬ, ಸೈತಾನನ ಹಾಡುಗಳ ಕಪಾಟಿನಲ್ಲಿ ಇಟ್ಟುಬಿಟ್ಟರು. ಹಾಡುಗಳಲ್ಲಿ ಸೈತಾನನ ಸುದ್ದಿಯೇ ಇಲ್ಲ. ಹಾಗಾಗಿ ರೆಕಾರ್ಡ್ ಕಂಪನಿಯ ಒಪ್ಪಂದ ಸಿಕ್ಕಾಗ, 1987ರಲ್ಲಿ, ಹೆಸರನ್ನೇ ಬದಲಾಯಿಸಿದರು. ಅಂದರೆ ನಿಮ್ಮ ತಾಯಿಯವರ ಅನುಮಾನ ಜರ್ಮನಿಯ ಅಂಗಡಿಯವರಿಗೂ ಬಂದಿತ್ತು. ಅದನ್ನು ಕಳೆಯಲಿಕ್ಕೆಂದೇ ಈ ಹೊಸ ಹೆಸರು ಬಂತು.

ಇನ್ನೊಂದು ವಿಷಯ. ಮಗ ತೋರುಬೆರಳು, ಕಿರುಬೆರಳು ಎತ್ತಿ ಕೊಂಬಿನ ಮುದ್ರೆ ತೋರಿಸುತ್ತಾನಲ್ಲ, ಅದನ್ನು ಮೆಟಲ್ ಲೋಕದಲ್ಲಿ ಜನಪ್ರಿಯ ಮಾಡಿದವರು ರಾನಿ ಜೇಮ್ಸ್ ಡಿಯೊ ಎಂಬ ಗಾಯಕ. ಅವರ ಮನೆತನ ಇಟಲಿ ಮೂಲದ್ದು. ಕೆಟ್ಟ ದೃಷ್ಟಿ ತಾಗದಿರಲಿ ಎಂದು ಅಜ್ಜಿ ಮಾಡುತ್ತಿದ್ದ ಮುದ್ರೆ ಅದು ಎಂದು ಅವರೇ ಹೇಳಿದ್ದಾರೆ. ದೃಷ್ಟಿ ತೆಗೆಯುವ ಪದ್ಧತಿ ನಮ್ಮ ಯಾವ ಮನೆಯಲ್ಲಿ ಇಲ್ಲ ಹೇಳಿ?

ಈಗ ಮಗನ ಮಾತಿಗೆ ಬರೋಣ. ಅವನು ಹೇಳಿದ್ದು ಮುಕ್ಕಾಲು ಪಾಲು ಸರಿ. ನಾನಾಗಿದ್ದರೆ ಯಕ್ಷಗಾನ ಎನ್ನುವ ಬದಲು ತಾಳಮದ್ದಳೆ ಎನ್ನುತ್ತಿದ್ದೆ. ಕಾರಣ ಸರಳ. ಇವರು ವೇಷ ಕಟ್ಟುವುದಿಲ್ಲ. ಕಥೆಯಲ್ಲಿ ರಾಜರು, ರಾಕ್ಷಸರು, ಯುದ್ಧ ಎಲ್ಲ ಇವೆ. ಆದರೆ ವೇದಿಕೆಯ ಮೇಲೆ ನಿಂತವರು ಕಪ್ಪು ಅಂಗಿ, ಪ್ಯಾಂಟ್ ಹಾಕಿದ ಸಾಮಾನ್ಯ ಮನುಷ್ಯರು. ಇದೇ ಜಾತಿಯ ಸಂಗೀತದಲ್ಲಿ ತುಪ್ಪಳದ ಲಂಗೋಟಿ, ಚರ್ಮದ ಕವಚ ಹಾಕಿ ಖಡ್ಗ ಹಿಡಿದು ಫೋಟೊಗೆ ನಿಂತವರಿದ್ದಾರೆ. ಬ್ಲೈಂಡ್ ಗಾರ್ಡಿಯನ್ ಆ ದಾರಿ ಹಿಡಿಯಲಿಲ್ಲ. ಕೋಟೆಯನ್ನೂ ಸೈನ್ಯವನ್ನೂ ಸ್ವರದಲ್ಲೇ ಕಟ್ಟಬೇಕು ಎಂಬ ಹಟ ಇವರದು. ನನ್ನ ಪ್ರಕಾರ ಇವರ ನಲವತ್ತು ವರ್ಷದ ಚರಿತ್ರೆಯೆಲ್ಲ ಈ ಹಟದ ಚರಿತ್ರೆಯೇ. ಕಥೆ ದೊಡ್ಡದಾದಂತೆ ಸಂಗೀತ ಬದಲಾಯಿತು. ಗಾಯಕ ವಾದ್ಯ ಬಿಟ್ಟ, ಡ್ರಮ್ಮರ್ ಬ್ಯಾಂಡನ್ನೇ ಬಿಟ್ಟ, ಕೊನೆಗೊಮ್ಮೆ ಗಿಟಾರೂ ಹೊರಗೆ ಹೋಯಿತು.

ರಾಕ್ ಸಂಗೀತಕ್ಕೆ ಮಾಯಾಲೋಕದ ಕಥೆ ತಂದವರು ಇವರೇ ಮೊದಲಿಗರಲ್ಲ. ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರ ದೊಡ್ಡ ಕಾದಂಬರಿ 'ದ ಲಾರ್ಡ್ ಆಫ್ ದ ರಿಂಗ್ಸ್' ಮೂರು ಸಂಪುಟಗಳಲ್ಲಿ 1954-55ರಲ್ಲಿ ಬಂತು. ಅರವತ್ತರ ದಶಕದ ಕಾಲೇಜು ಹುಡುಗರು ಅದನ್ನು ಹುಚ್ಚು ಹಿಡಿದವರ ಹಾಗೆ ಓದಿದರು. 1969ರಲ್ಲಿ ಲೆಡ್ ಜೆಪ್ಪೆಲಿನ್ ಬ್ಯಾಂಡಿನವರು ಒಂದು ಪ್ರೇಮಗೀತೆಯಲ್ಲಿ ಆ ಕಾದಂಬರಿಯ ಮೋರ್ಡೋರ್ ನಾಡು, ಗಾಲಮ್ ಪಾತ್ರದ ಹೆಸರು ತಂದರು. 1970ರಲ್ಲಿ ಬ್ಲ್ಯಾಕ್ ಸಬತ್ ತಮ್ಮ ಮೊದಲ ಆಲ್ಬಂನಲ್ಲೇ ಮಾಂತ್ರಿಕನ ಮೇಲೆ ಹಾಡು ಕಟ್ಟಿತು. ಆಮೇಲೆ ಡಿಯೊ ಬಂದರು, ಐರನ್ ಮೇಡನ್ ಬಂತು. ಆದರೆ ಅಲ್ಲೆಲ್ಲ ಕಥೆ ಬಂದು ಇಣುಕಿ ಹೋಗುತ್ತಿತ್ತು. ಒಂದು ಹಾಡಿನಲ್ಲಿ ಡ್ರ್ಯಾಗನ್, ಮುಂದಿನ ಹಾಡಿನಲ್ಲಿ ಮೋಟರ್ ಸೈಕಲ್. ಕಥೆಯನ್ನೇ ಕಸುಬು ಮಾಡಿಕೊಂಡವರು ಕಡಿಮೆ.

ಕ್ರೇಫೆಲ್ಡ್ ರೇಷ್ಮೆ ಮತ್ತು ಮಖಮಲ್ ನೇಯ್ಗೆಗೆ ಹೆಸರಾದ ಊರು. ರೈನ್ ನದಿಯ ದಂಡೆಗೆ ಹತ್ತಿಕೊಂಡಿದೆ. ಅಲ್ಲಿ ಹಾನ್ಸಿ ಕ್ಯೂರ್ಷ್ ಮತ್ತು ಆಂಡ್ರೆ ಓಲ್ಬ್ರಿಶ್ ಎಂಬ ಇಬ್ಬರು ಸೇರಿದರು. ಹಾನ್ಸಿ ಹಾಡುತ್ತಿದ್ದರು, ಜೊತೆಗೆ ಬೇಸ್ ಗಿಟಾರ್ ನುಡಿಸುತ್ತಿದ್ದರು. ಆಂಡ್ರೆ ಗಿಟಾರ್. ಮುಂದೆ ಎರಡನೆಯ ಗಿಟಾರಿಗೆ ಮಾರ್ಕುಸ್ ಜೀಪೆನ್, ಡ್ರಮ್ಸಿಗೆ ಥಾಮಸ್ ಸ್ಟೌಖ್ ಕೂಡಿಕೊಂಡರು. ಈ ನಾಲ್ವರೇ ಸುಮಾರು ಹದಿನೆಂಟು ವರ್ಷ ಒಟ್ಟಿಗಿದ್ದರು. ರಾಕ್ ಬ್ಯಾಂಡುಗಳ ಲೋಕದಲ್ಲಿ ಇದು ಅಪರೂಪ. ಅಲ್ಲಿ ಡ್ರಮ್ಮರ್‌ಗಳು ಬಾಡಿಗೆ ಮನೆಯವರ ಹಾಗೆ ಬಂದು ಹೋಗುತ್ತಿರುತ್ತಾರೆ.

ಅದೇ ಹೊತ್ತಿಗೆ ಹ್ಯಾಂಬರ್ಗಿನಲ್ಲಿ ಹೆಲೋವೀನ್ ಎಂಬ ಬ್ಯಾಂಡು ಹೊಸ ಶೈಲಿ ಮಾಡುತ್ತಿತ್ತು. ವೇಗ ಜಾಸ್ತಿ, ಆದರೆ ಹಾಡಿನ ಧಾಟಿ ಇಂಪು. ಗುಂಪಾಗಿ ಕೂಗಿ ಹಾಡಬಹುದಾದ ಪಲ್ಲವಿ. ಮುಂದೆ ಇದಕ್ಕೆ ಪವರ್ ಮೆಟಲ್ ಎಂಬ ಹೆಸರು ಬಂತು. 1988ರಲ್ಲಿ ಬಂದ ಬ್ಲೈಂಡ್ ಗಾರ್ಡಿಯನ್‌ನ ಮೊದಲ ಆಲ್ಬಂ, 'ಬಟಾಲಿಯನ್ಸ್ ಆಫ್ ಫಿಯರ್', ಈ ಶೈಲಿಯ ಮಗುವೇ. ಅದರ ಮೊದಲ ಹಾಡೇ ಟೋಲ್ಕಿನ್ ಕಥೆಯದು. ವಾದ್ಯ ಮಾತ್ರ ಇರುವ ತುಣುಕುಗಳಿಗೂ ಅಲ್ಲಿನದೇ ಹೆಸರು. ನಿಜ ಹೇಳಬೇಕೆಂದರೆ ಆ ಆಲ್ಬಂ ಈಗ ಕೇಳಿದರೆ ಓಟವೇ ಜಾಸ್ತಿ, ಕಥೆ ಕಮ್ಮಿ. ಹುಡುಗರು ಎಷ್ಟು ಬೇಗ ನುಡಿಸಬಹುದು ಎಂದು ಪರೀಕ್ಷೆ ಮಾಡುತ್ತಿದ್ದಾರೆ. ಮರುವರ್ಷದ ಆಲ್ಬಂ ಕೂಡ ಹಾಗೇ. ಅದರಲ್ಲಿ ಹೆಲೋವೀನ್‌ನ ಕೈ ಹ್ಯಾನ್ಸೆನ್ ಬಂದು 'ವಲ್ಹಾಲಾ' ಎಂಬ ಹಾಡಿಗೆ ದನಿ ಕೊಟ್ಟರು. ಹಿರಿಯರೊಬ್ಬರು ಬೆನ್ನು ತಟ್ಟಿದ ಹಾಗಾಯಿತು. ಆ ಹಾಡಿನ ಪಲ್ಲವಿಯನ್ನು ಜನ ಇವತ್ತಿಗೂ ಬ್ಯಾಂಡ್ ನಿಲ್ಲಿಸಿದ ಮೇಲೂ ಹಾಡುತ್ತಲೇ ಇರುತ್ತಾರೆ.

ತಿರುವು ಬಂದದ್ದು 1990 ಮತ್ತು 1992ರ ಆಲ್ಬಂಗಳಲ್ಲಿ. 'ಟೇಲ್ಸ್ ಫ್ರಂ ದ ಟ್ವೈಲೈಟ್ ವರ್ಲ್ಡ್' ಮತ್ತು 'ಸಮ್‌ವೇರ್ ಫಾರ್ ಬಿಯಾಂಡ್'. ಇಲ್ಲಿ ಹಾನ್ಸಿಯ ಓದು ಹಾಡಿಗೆ ಇಳಿಯಿತು. ಮರಳುಗಾಡಿನ ಗ್ರಹದ ಕಥೆ, ಸ್ಟೀಫನ್ ಕಿಂಗ್ ಅವರ ಗೋಪುರದ ಕಥೆ, ಹೀಗೆ ಒಂದೊಂದು ಹಾಡಿಗೆ ಒಂದೊಂದು ಪುಸ್ತಕ. ನಡುವೆ ಒಂದು ಹಾಡು ಮಾತ್ರ ಯಾವ ಪುಸ್ತಕದ್ದೂ ಅಲ್ಲ, ಹಾನ್ಸಿಯವರ ತಂದೆ ತೀರಿಕೊಂಡಾಗ ಬರೆದದ್ದು.

1992ರ ಆ ಆಲ್ಬಂನಲ್ಲಿ 'ದ ಬಾರ್ಡ್ಸ್ ಸಾಂಗ್' ಎಂಬ ಹಾಡಿದೆ. ಎರಡು ಭಾಗ. ಕಾಡಿನ ಹೆಸರಿನ ಮೊದಲ ಭಾಗದಲ್ಲಿ ಬರೀ ಅಕೌಸ್ಟಿಕ್ ಗಿಟಾರ್ ಮತ್ತು ದನಿ. ಮೂರು ನಿಮಿಷ ಚಿಲ್ಲರೆ. ಹಳೆಯ ಕಾಲದ ಕಥೆಗಾರ ಹಾಡುಗಳನ್ನು ನೆನಪಿಸಿಕೊಂಡು ಹಾಡುವುದಷ್ಟೇ ಅದರ ವಿಷಯ. ಮೆಟಲ್ ಬ್ಯಾಂಡೊಂದರ ಅತಿ ಪ್ರಿಯ ಹಾಡಿನಲ್ಲಿ ಡ್ರಮ್ಸೇ ಇಲ್ಲ ಎಂದರೆ ವಿಚಿತ್ರ ಅಲ್ವಾ? ಕಛೇರಿಯಲ್ಲಿ ಈ ಹಾಡು ಬಂದಾಗ ಹಾನ್ಸಿ ಹೆಚ್ಚು ಹಾಡುವುದೇ ಇಲ್ಲ. ಜನರೇ ಮೊದಲಿಂದ ಕೊನೆಯವರೆಗೆ ಹಾಡುತ್ತಾರೆ. 2003ರಲ್ಲಿ ಜರ್ಮನಿಯ ಕೋಬುರ್ಗ್ ಎಂಬಲ್ಲಿ ಬ್ಯಾಂಡು ತನ್ನದೇ ಉತ್ಸವ ಮಾಡಿತು. ಅದರ ಡಿವಿಡಿ ಬಂದಿದೆ. ಅದರಲ್ಲಿ ಈ ಹಾಡನ್ನು ನೋಡಿ. ಸಾವಿರಾರು ಜನ ಕಪ್ಪು ಅಂಗಿ ಹಾಕಿಕೊಂಡು ಭಜನೆಗೆ ಕೂತ ಶ್ರದ್ಧೆಯಲ್ಲಿ ಹಾಡುತ್ತಾರೆ.

ಇಷ್ಟು ಹೊತ್ತಿಗೆ ಇವರಿಗೆ ಒಂದು ಸಮಸ್ಯೆ ಎದುರಾಗಿತ್ತು. ಗಾಯಕ ಒಬ್ಬನೇ. ಕಥೆಯಲ್ಲಿ ಪಾತ್ರಗಳು ಹತ್ತಾರು, ಸೈನ್ಯ ಬೇರೆ. ಏನು ಮಾಡುವುದು? ದಾರಿ ಸಿಕ್ಕಿದ್ದು ಕ್ವೀನ್ ಬ್ಯಾಂಡಿನಲ್ಲಿ. 1992ರ ಆಲ್ಬಂಗೇ ಕ್ವೀನ್‌ನ ಒಂದು ಹಾಡನ್ನು ಇವರು ಹೊಸದಾಗಿ ಹಾಡಿ ಸೇರಿಸಿದ್ದರು. ಹತ್ತು ವರ್ಷ ಬಿಟ್ಟು ಮಾಡಿದ ಆಲ್ಬಂಗೆ ಕ್ವೀನ್‌ನ 1975ರ ಆಲ್ಬಂನ ಹೆಸರನ್ನೇ ಇಟ್ಟರು: 'ಎ ನೈಟ್ ಅಟ್ ದಿ ಆಪೆರಾ'.

ಕ್ವೀನ್ ಎಂದರೆ ನಮ್ಮ ಮಹಾರಾಷ್ಟ್ರಕ್ಕೂ ಒಂದು ನಂಟು. ಅದರ ಗಾಯಕ ಫ್ರೆಡ್ಡಿ ಮರ್ಕ್ಯುರಿ ಪಾರ್ಸಿ ಹುಡುಗ. ಹುಟ್ಟಿದ್ದು ಜಾಂಜಿಬಾರಿನಲ್ಲಿ, ಓದಿದ್ದು ಪುಣೆಯಿಂದ ಸ್ವಲ್ಪ ದೂರದ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯಲ್ಲಿ. ಅಲ್ಲಿಯೇ ಗೆಳೆಯರ ಜೊತೆ ಹೆಕ್ಟಿಕ್ಸ್ ಎಂಬ ಮೊದಲ ಬ್ಯಾಂಡ್ ಕಟ್ಟಿದ್ದು. ಕ್ವೀನ್‌ನ ಮೊದಮೊದಲ ಹಾಡುಗಳಲ್ಲೂ ರಾಕ್ಷಸರು, ಮಾಯಾದೇಶಗಳು ತುಂಬಿವೆ. ನಿಮ್ಮ ಮಗ ಸಹ್ಯಾದ್ರಿಯ ಚಾರಣಕ್ಕೆ ಪಂಚಗಣಿಯ ಕಡೆ ಹೋಗಿದ್ದರೆ, ತನ್ನ ಮೆಚ್ಚಿನ ಬ್ಯಾಂಡಿನ ಗುರುವಿನ ಶಾಲೆಯ ಪಕ್ಕದಲ್ಲೇ ಹಾದು ಹೋಗಿರುತ್ತಾನೆ.

ನಾನು ಮುಂಬೈಯ ಸ್ಟುಡಿಯೊಗಳಲ್ಲಿ ರೆಕಾರ್ಡಿಂಗ್ ಕೆಲಸ ಮಾಡಿಕೊಂಡು ಬಂದವನು, ಹಾಗಾಗಿ ಈ ಕೋರಸ್ ಹೇಗೆ ಮಾಡುತ್ತಾರೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಹಿಂದಿ ಸಿನಿಮಾದ ಹಳೆಯ ಪದ್ಧತಿಯಲ್ಲಿ ಕೋರಸ್ ಬೇಕೆಂದರೆ ಹತ್ತು ಹದಿನೈದು ಗಾಯಕರನ್ನು ಕರೆಸಿ, ಒಂದೆರಡು ಮೈಕಿನ ಮುಂದೆ ನಿಲ್ಲಿಸಿ, ಒಟ್ಟಿಗೆ ಹಾಡಿಸುತ್ತಿದ್ದರು. ಕ್ವೀನ್ ಮಾಡಿದ್ದು ಬೇರೆ. ಮೂರೇ ಜನ, ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿ, ಒಂದರ ಮೇಲೊಂದು ಪದರ ಕೂಡಿಸುವುದು. ಒಬ್ಬನೇ ಮನುಷ್ಯ ಅದೇ ಸಾಲನ್ನು ಎರಡು ಸಲ ಹಾಡಿದರೂ ಪೂರ್ತಿ ಒಂದೇ ಥರ ಇರುವುದಿಲ್ಲ. ಎಲ್ಲೋ ಕೂದಲೆಳೆ ಹಿಂದೆ, ಎಲ್ಲೋ ಶ್ರುತಿ ತುಸು ಮೇಲೆ. ಆ ಸಣ್ಣ ವ್ಯತ್ಯಾಸಗಳೇ ಕಿವಿಗೆ ಗುಂಪಿನ ಭ್ರಮೆ ಕೊಡುತ್ತವೆ. ಒಂದೇ ರೆಕಾರ್ಡಿಂಗನ್ನು ನಕಲು ಮಾಡಿ ಹತ್ತು ಸಲ ಇಟ್ಟರೆ ದನಿ ಜೋರಾಗುತ್ತದೆ, ಗುಂಪಾಗುವುದಿಲ್ಲ. ಹಾಗಾಗಿ ಪ್ರತಿ ಪದರವನ್ನೂ ಹೊಸದಾಗಿ ಹಾಡಲೇಬೇಕು. ಟೇಪಿನ ಕಾಲದಲ್ಲಿ ಇದು ಎಷ್ಟು ಕಷ್ಟ ಎಂದರೆ, ಪದೇ ಪದೇ ಓಡಿಸಿ ಟೇಪೇ ಸವೆದು ಬೆಳಕು ಕಾಣುವಷ್ಟು ತೆಳ್ಳಗಾಗಿತ್ತು ಎಂದು ಕ್ವೀನ್‌ನ ಬ್ರಯಾನ್ ಮೇ ಹೇಳಿಕೊಂಡಿದ್ದಾರೆ.

ಬ್ಲೈಂಡ್ ಗಾರ್ಡಿಯನ್ ಈ ವಿದ್ಯೆಯನ್ನು ಮೆಟಲ್‌ನ ವೇಗಕ್ಕೆ ಹೊಂದಿಸಿತು. ಹಾನ್ಸಿಯ ಜೊತೆಗೆ ಹಿನ್ನೆಲೆ ಗಾಯಕರ ಒಂದು ಸಣ್ಣ ತಂಡ ಆಲ್ಬಂನಿಂದ ಆಲ್ಬಂಗೆ ಮುಂದುವರಿಯಿತು. ಆ ತಂಡದಲ್ಲಿ ರೋಲ್ಫ್ ಕೋಲರ್ ಎಂಬವರಿದ್ದರು. ಎಂಬತ್ತರ ದಶಕದಲ್ಲಿ ಮುಂಬೈಯ ಮದುವೆ ಬ್ಯಾಂಡುಗಳೂ ನುಡಿಸಿದ 'ಬ್ರದರ್ ಲೂಯಿ' ನಿಮಗೆ ನೆನಪಿರಬೇಕು. ಆ ಮಾಡರ್ನ್ ಟಾಕಿಂಗ್ ಜೋಡಿಯ ರೆಕಾರ್ಡುಗಳಲ್ಲಿ ಹಿಂದಿನಿಂದ ಎತ್ತರದ ದನಿಯಲ್ಲಿ ಹಾಡುತ್ತಿದ್ದವರಲ್ಲಿ ಇವರೂ ಒಬ್ಬರು. ಡಿಸ್ಕೊ ಹಾಡಿದ ಗಂಟಲೇ ಮುಂದೆ ರಾಕ್ಷಸರ ಯುದ್ಧಕ್ಕೂ ಹಾಡಿತು. ಈ ಸಂಗತಿ ಹೇಳಿದರೆ ನಿಮ್ಮ ಮಗ ನಂಬಲಿಕ್ಕಿಲ್ಲ. ಹೇಳಿ ನೋಡಿ.

1995ರ 'ಇಮ್ಯಾಜಿನೇಷನ್ಸ್ ಫ್ರಂ ದಿ ಅದರ್ ಸೈಡ್' ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಚೆನ್ನಾಗಿದೆ ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಮೆಟಾಲಿಕಾ ಎಂಬ ಹೆಸರಾಂತ ಮೆಟಲ್ ಬ್ಯಾಂಡಿನ ಎಂಬತ್ತರ ದಶಕದ ಆಲ್ಬಂಗಳನ್ನು ರೂಪಿಸಿದ ಫ್ಲೆಮಿಂಗ್ ರಾಸ್ಮುಸ್ಸೆನ್ ಅವರ ಬಳಿ, ಕೋಪನ್‌ಹೇಗನ್‌ಗೆ ಹೋಗಿ ಮಾಡಿದ್ದು. ಡ್ರಮ್ಸ್ ಮೊದಲ ಸಲ ಎದೆಗೆ ತಾಗುತ್ತದೆ. ಆರ್ಥರ್ ರಾಜನ ಕಥೆಯ ಎರಡು ಒಳ್ಳೆಯ ಹಾಡುಗಳಿವೆ. ಅದರಲ್ಲಿ ಒಂದು, ರಾಜನ ವಿರುದ್ಧ ನಿಂತ ಮಗ ಮಾರ್ಡ್ರೆಡ್‌ನ ಬಾಯಿಂದ ಬರುತ್ತದೆ. ಖಳನಿಗೂ ಒಂದು ನ್ಯಾಯ ಇದೆ ಎಂದು ವಾದ ಮಾಡುವ ಹಾಡು. ತಾಳಮದ್ದಳೆಯಲ್ಲಿ ಕೌರವನ ಪಾತ್ರಕ್ಕೆ ಒಳ್ಳೆಯ ಅರ್ಥಧಾರಿ ಸಿಕ್ಕಾಗ ಆಗುವುದೂ ಅದೇ ತಾನೇ? ಈ ಪ್ರವಾಸ ಮುಗಿದ ಮೇಲೆ ಹಾನ್ಸಿ ಬೇಸ್ ಗಿಟಾರ್ ಬಿಟ್ಟರು. ಎರಡನ್ನೂ ಒಟ್ಟಿಗೆ ನಿಭಾಯಿಸಿಕೊಂಡು ಇಷ್ಟು ಕಷ್ಟದ ಹಾಡು ಹಾಡುವುದು ಆಗದ ಮಾತು. ಒಲಿವರ್ ಹೋಲ್ಟ್ಸ್‌ವಾರ್ಥ್ ಎಂಬವರು ಆ ಕೆಲಸಕ್ಕೆ ಬಂದರು.

ಆಮೇಲೆ 1998. 'ನೈಟ್‌ಫಾಲ್ ಇನ್ ಮಿಡಲ್ ಅರ್ತ್'. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಈ ಆಲ್ಬಂನಲ್ಲೇ ಇದೆ, ಹಾಗಾಗಿ ಇಲ್ಲಿ ಸ್ವಲ್ಪ ಕೂರೋಣ.

ಟೋಲ್ಕಿನ್ 1973ರಲ್ಲಿ ತೀರಿಕೊಂಡರು. ಅವರು ಬದುಕಿನುದ್ದಕ್ಕೂ ಬರೆದು ತಿದ್ದುತ್ತಿದ್ದ ಪುರಾಣಗಳನ್ನು ಮಗ ಕ್ರಿಸ್ಟೋಫರ್ ಜೋಡಿಸಿ 1977ರಲ್ಲಿ 'ದ ಸಿಲ್ಮರಿಲಿಯನ್' ಎಂದು ಹೊರತಂದರು. ಸಿನಿಮಾ ಆಗಿ ಎಲ್ಲರಿಗೂ ಗೊತ್ತಾದ ಉಂಗುರದ ಕಥೆಗಿಂತ ಸಾವಿರಾರು ವರ್ಷ ಹಿಂದಿನದು ಇದು. ಓದಲು ಸಲೀಸಲ್ಲ. ವಂಶಾವಳಿ, ಸೃಷ್ಟಿಕಥೆ, ಯುದ್ಧದ ಮೇಲೆ ಯುದ್ಧ. ಪುರಾಣ ಓದಿ ಬೆಳೆದವರಿಗೆ ಮಾತ್ರ ಇದು ಅಷ್ಟು ಕಷ್ಟವಾಗುವುದಿಲ್ಲ. ತಿರುಳು ಹೀಗೆ: ಫೆಯಾನೋರ್ ಎಂಬ ಮಹಾ ಕುಶಲಿ ಮೂರು ರತ್ನ ಮಾಡುತ್ತಾನೆ. ಮೋರ್ಗೋತ್ ಎಂಬ ದುಷ್ಟಶಕ್ತಿ ಅದನ್ನು ಕದಿಯುತ್ತದೆ. ಯಾರ ಕೈಗೆ ಸಿಕ್ಕಿದರೂ ಬಿಡುವುದಿಲ್ಲ ಎಂದು ಫೆಯಾನೋರ್ ಮತ್ತು ಅವನ ಏಳು ಮಕ್ಕಳು ಆಣೆ ಇಡುತ್ತಾರೆ. ಆ ಆಣೆಯಿಂದ ಬಂಧುಗಳೇ ಬಂಧುಗಳನ್ನು ಕೊಲ್ಲುವ ಹಾಗಾಗುತ್ತದೆ. ಸ್ಯಮಂತಕ ಮಣಿಯ ಕಥೆಯನ್ನು ಕುರುಕ್ಷೇತ್ರದಷ್ಟು ದೊಡ್ಡದು ಮಾಡಿದರೆ ಹೇಗಿರುತ್ತದೋ ಹಾಗೆ.

ಆಲ್ಬಂನಲ್ಲಿ 22 ತುಣುಕುಗಳಿವೆ. ಅವುಗಳಲ್ಲಿ ಪೂರ್ತಿ ಹಾಡು 11. ಉಳಿದ 11 ಸಣ್ಣ ಸಣ್ಣವು: ಮಾತು, ಗಾಳಿಯ ಸದ್ದು, ಖಡ್ಗದ ಸದ್ದು, ನಾಲ್ಕು ಸಾಲಿನ ಹಾಡು. ಮಾತಿಗೆ ಇಂಗ್ಲಿಷ್ ನಟರನ್ನು ಕರೆಸಿದ್ದರು. ಶುರುವಾಗುವುದೇ ಕೊನೆಯ ಯುದ್ಧದಲ್ಲಿ ಸೋತ ಮೋರ್ಗೋತ್ ತನ್ನ ಸೇವಕನ ಜೊತೆ ಆಡುವ ಮಾತಿನಿಂದ. ಅಲ್ಲಿಂದ ಕಥೆ ಹಿಂದಕ್ಕೆ ಹೋಗುತ್ತದೆ. ಭಾಗವತರ ಪದ್ಯ ಮುಗಿದು ಅರ್ಥ ಬರುತ್ತದೆ, ಅರ್ಥ ಮುಗಿದು ಮತ್ತೆ ಪದ್ಯ. ನಿಮಗೆ ಈ ನಡೆ ಹೊಸದಲ್ಲ. ಯುರೋಪಿನ ಮೆಟಲ್ ವಿಮರ್ಶಕರಲ್ಲಿ ಕೆಲವರಿಗೆ ಈ ಮಾತಿನ ತುಣುಕುಗಳು ಕಿರಿಕಿರಿ. ಅವನ್ನು ಹಾರಿಸಿ ಹಾಡು ಮಾತ್ರ ಕೇಳುವವರು ಬಹಳ. ನನಗೆ ಅದು ಒಪ್ಪಿಗೆಯಿಲ್ಲ. ಪದ್ಯ ಕೇಳಿ ಅರ್ಥದ ಹೊತ್ತಿಗೆ ಚಹಾಕ್ಕೆ ಎದ್ದು ಹೋಗುವವರನ್ನು ನೀವೂ ಕಂಡಿರುತ್ತೀರಿ.

ಒಂದು ಹಾಡನ್ನು ಮಾತ್ರ ಬಿಡಿಸಿ ಹೇಳುತ್ತೇನೆ: 'ಟೈಮ್ ಸ್ಟ್ಯಾಂಡ್ಸ್ ಸ್ಟಿಲ್'. ಯುದ್ಧದಲ್ಲಿ ತನ್ನ ಕಡೆಯವರೆಲ್ಲ ಸೋತರು ಎಂದು ತಿಳಿದ ಫಿಂಗೋಲ್ಫಿನ್ ಎಂಬ ರಾಜ ಸಿಟ್ಟು ಮತ್ತು ಹತಾಶೆಯಲ್ಲಿ ಒಬ್ಬನೇ ಕುದುರೆ ಏರಿ ಮೋರ್ಗೋತ್‌ನ ಕೋಟೆಯ ಬಾಗಿಲಿಗೆ ಹೋಗುತ್ತಾನೆ. ಹೊರಗೆ ಬಾ ಎಂದು ಕರೆಯುತ್ತಾನೆ. ಸಾಯುತ್ತೇನೆ ಎಂದು ಅವನಿಗೆ ಗೊತ್ತು. ಏಳು ಸಲ ಗಾಯ ಮಾಡುತ್ತಾನೆ. ಕೊನೆಗೆ ಸಾಯುತ್ತಾನೆ. ಆದರೆ ಮೋರ್ಗೋತ್ ಮುಂದೆ ಎಂದೆಂದಿಗೂ ಕುಂಟುತ್ತಾನೆ. ಚಕ್ರವ್ಯೂಹದ ಅಭಿಮನ್ಯುವಿಗೆ ಚೆಂಡೆ ಏರುವುದನ್ನು ಕೇಳಿದವರು ಈ ಹಾಡಿನ ಏರಿಕೆಯನ್ನು ತಕ್ಷಣ ಗುರುತಿಸುತ್ತಾರೆ. ನಿರೂಪಕನ ಸಾಲು ಒಂದು ದನಿಯಲ್ಲಿ, ರಾಜನ ಸವಾಲು ಗಡುಸಾದ ಇನ್ನೊಂದು ದನಿಯಲ್ಲಿ, ಪಲ್ಲವಿ ಗುಂಪಿನಲ್ಲಿ. ಮೊದಲ ಎರಡೂ ಹಾನ್ಸಿಯೇ, ಪಲ್ಲವಿಗೆ ಹಿನ್ನೆಲೆ ಗಾಯಕರೂ ಸೇರುತ್ತಾರೆ. ಆಂಡ್ರೆಯ ಗಿಟಾರ್ ಹಿಂದೆ ತಾಳ ಹಿಡಿದು ಕೂರುವುದಿಲ್ಲ, ಹಾಡಿನ ಸಾಲುಗಳ ನಡುವೆ ತನ್ನದೇ ಧಾಟಿಯಲ್ಲಿ ಉತ್ತರ ಕೊಡುತ್ತಿರುತ್ತದೆ. ನಿಮಗೆ ಗದ್ದಲ ಎನಿಸುವುದು ಇದೇ ಇರಬೇಕು. ಏಕಕಾಲಕ್ಕೆ ಎರಡು ಮೂರು ಧಾಟಿಗಳು. ನಮ್ಮ ಸಂಗೀತದಲ್ಲಿ ಒಂದು ಧಾಟಿ, ಒಂದು ಲಯ, ಅದರ ಮೇಲೆ ಗಮನ. ಇಲ್ಲಿ ಕಿವಿಯನ್ನು ಹಂಚಬೇಕು. ಮೊದಲ ಸಲ ದನಿಯನ್ನು ಮಾತ್ರ ಹಿಡಿಯಿರಿ. ಎರಡನೆಯ ಸಲ ಗಿಟಾರ್. ಆಮೇಲೆ ಗದ್ದಲ ತಾನಾಗಿ ಬಿಡಿಬಿಡಿಯಾಗುತ್ತದೆ.

ಈ ಆಲ್ಬಂ ಬಂದದ್ದು ಸಿನಿಮಾಗಳಿಗಿಂತ ಮೊದಲು ಎನ್ನುವುದನ್ನು ಮರೆಯಬಾರದು. ಉಂಗುರದ ಮೊದಲ ಸಿನಿಮಾ ಬಂದದ್ದು 2001ರ ಕೊನೆಗೆ. ಇವರು ಬೇರೆ ಯಾರೋ ಎಬ್ಬಿಸಿದ ಅಲೆಯ ಮೇಲೆ ಸವಾರಿ ಮಾಡಿದವರಲ್ಲ.

2002ರ ಆಲ್ಬಂನಲ್ಲಿ ಪದರಗಳು ವಿಪರೀತವಾದವು. ಅದರ ಕೊನೆಯ ಹಾಡು 14 ನಿಮಿಷದ್ದು, ಟ್ರಾಯ್ ನಗರ ಬಿದ್ದ ಕಥೆ. ನಾಶ ಬರುತ್ತದೆ ಎಂದು ಮೊದಲೇ ಕಂಡರೂ ಯಾರೂ ನಂಬದ ಕಸಾಂಡ್ರಾಳ ದನಿ ಅದರಲ್ಲಿದೆ. ಆ ಒಂದು ಹಾಡು ಅದ್ಭುತ. ಆಲ್ಬಂನ ಉಳಿದ ಭಾಗ ಕೇಳುವಾಗ ನನಗೆ ಉಸಿರು ಕಟ್ಟುತ್ತದೆ. ಒಂದು ಕ್ಷಣವೂ ಖಾಲಿ ಜಾಗ ಬಿಟ್ಟಿಲ್ಲ. ಮಿಕ್ಸಿಂಗ್, ಅಂದರೆ ರೆಕಾರ್ಡಾದ ದನಿಗಳನ್ನು ಹದವಾಗಿ ಬೆರೆಸುವ ಕೆಲಸ ಮಾಡುವವನ ದೃಷ್ಟಿಯಲ್ಲಿ ಹೇಳುವುದಾದರೆ, ಎಲ್ಲರೂ ಮುಂದಿನ ಸಾಲಿನಲ್ಲಿ ನಿಂತರೆ ಯಾರ ಮುಖವೂ ಕಾಣುವುದಿಲ್ಲ.

ಈ ದಾರಿ ಡ್ರಮ್ಮರ್ ಥಾಮಸ್ ಸ್ಟೌಖ್ ಅವರಿಗೂ ಒಗ್ಗಲಿಲ್ಲ. ಅವರಿಗೆ ಬೇಕಿದ್ದದ್ದು ಹಳೆಯ ಓಟ, ನೇರ ಹಾಡು. 2005ರಲ್ಲಿ ಹೊರಗೆ ಹೋದರು. ಅದೇ ವರ್ಷ ಸ್ಯಾವೇಜ್ ಸರ್ಕಸ್ ಎಂಬ ಹೊಸ ಬ್ಯಾಂಡಿನಿಂದ ಆಲ್ಬಂ ತಂದರು. ಕೇಳಿದರೆ ತೊಂಬತ್ತರ ಬ್ಲೈಂಡ್ ಗಾರ್ಡಿಯನ್ನೇ ಎದ್ದು ಬಂದ ಹಾಗಿದೆ. ಯಾರ ಕಡೆ ನ್ಯಾಯ ಎಂದು ಅಭಿಮಾನಿಗಳು ಇನ್ನೂ ಜಗಳವಾಡುತ್ತಾರೆ. ಇಬ್ಬರದೂ ಸರಿ ಎಂದು ನಾನು ಹೇಳಿದರೆ ಎರಡೂ ಕಡೆಯವರು ಬೈಯುತ್ತಾರೆ. ಸ್ಟೌಖ್ ಜಾಗಕ್ಕೆ ಬಂದವರು ಫ್ರೆಡರಿಕ್ ಎಮ್ಕೆ. ಡ್ರಮ್ಸಿನ ಜೊತೆಗೆ ಕೊಳಲು, ಬ್ಯಾಗ್‌ಪೈಪ್ ಕೂಡ ಬಲ್ಲವರು.

2006ರ ಆಲ್ಬಂ ಸಾಧಾರಣ. ನಂತರ ಒಂದು ತಮಾಷೆಯ ತಿರುವು. 2008ರ ಸೇಕ್ರೆಡ್ 2 ಎಂಬ ಕಂಪ್ಯೂಟರ್ ಆಟಕ್ಕೆ ಹಾಡು ಬರೆದರು. ಆಟದೊಳಗೆ ಬ್ಯಾಂಡಿನವರೇ ಪಾತ್ರಗಳಾಗಿದ್ದಾರೆ. ಕಳೆದುಹೋದ ಅವರ ವಾದ್ಯಗಳನ್ನು ಆಡುವವನು ಹುಡುಕಿ ತಂದುಕೊಟ್ಟರೆ ಅಲ್ಲೇ ಕಛೇರಿ ಮಾಡುತ್ತಾರೆ. ಕಥೆ ಹೇಳುವವರೇ ಕಥೆಯೊಳಗೆ ಹೋಗಿ ಕೂತರು! ಆ ಹಾಡಿಗೆ ಪ್ರಾಗ್ ನಗರದ ಆರ್ಕೆಸ್ಟ್ರಾ ಸೇರಿಸಿ 2010ರ 'ಅಟ್ ದಿ ಎಡ್ಜ್ ಆಫ್ ಟೈಮ್' ಆಲ್ಬಂನ ಮೊದಲ ಹಾಡು ಮಾಡಿದರು. ಇಲ್ಲಿ ಮೊದಲ ಸಲ ಮಿಕ್ಸ್‌ಗೆ ಉಸಿರಾಡಲು ಜಾಗ ಬಂತು. ನಿಜವಾದ ಪಿಟೀಲುಗಳು ಬಂದ ಮೇಲೆ ಗಿಟಾರುಗಳು ಎಲ್ಲ ಕೆಲಸ ಮಾಡಬೇಕಾಗಿಲ್ಲವಲ್ಲ. 2015ರಲ್ಲಿ ಆರ್ಕೆಸ್ಟ್ರಾ ಎರಡಾಯಿತು, ಗಾಯನವೃಂದ ಮೂರಾಯಿತು.

ಕೊನೆಗೆ 2019. ಆರ್ಕೆಸ್ಟ್ರಾ ಮಾತ್ರ ಇರುವ ಆಲ್ಬಂ ಮಾಡಬೇಕು ಎಂದು ಹಾನ್ಸಿ ಮತ್ತು ಆಂಡ್ರೆ ತೊಂಬತ್ತರ ದಶಕದಿಂದ ಕನಸು ಕಾಣುತ್ತಿದ್ದರು. ಎರಡು ದಶಕ ಮೀರಿ ಅದರ ಮೇಲೆ ಕೆಲಸ ಮಾಡಿ, 'ಲೆಗಸಿ ಆಫ್ ದ ಡಾರ್ಕ್ ಲ್ಯಾಂಡ್ಸ್' ತಂದರು. ಕಥೆ ಜರ್ಮನ್ ಕಾದಂಬರಿಕಾರ ಮಾರ್ಕುಸ್ ಹೈಟ್ಸ್ ಜೊತೆ ಸೇರಿ ಕಟ್ಟಿದ್ದು. 1618ರಿಂದ 1648ರವರೆಗೆ ಯುರೋಪನ್ನು ಸುಟ್ಟ ಮೂವತ್ತು ವರ್ಷಗಳ ಯುದ್ಧದ ಕಾಲದ್ದು. ಗಿಟಾರ್ ಇಲ್ಲ, ಡ್ರಮ್ ಸೆಟ್ ಇಲ್ಲ. ಹಾನ್ಸಿಯ ದನಿ, ಕೋರಸ್, ಆರ್ಕೆಸ್ಟ್ರಾ, ನಡುವೆ ಮಾತು. ಮೆಟಲ್ ಬ್ಯಾಂಡೊಂದು ಮೆಟಲ್ಲನ್ನೇ ಬಿಟ್ಟು ಕಥೆಯನ್ನು ಇಟ್ಟುಕೊಂಡಿತು. ಇದಕ್ಕಿಂತ ಮುಂದೆ ಹೋಗಲು ದಾರಿ ಇರಲಿಲ್ಲ. 2022ರ 'ದ ಗಾಡ್ ಮಷೀನ್' ಆಲ್ಬಂನಲ್ಲಿ ಮತ್ತೆ ವೇಗಕ್ಕೆ, ಗಡುಸು ಗಿಟಾರಿಗೆ ಮರಳಿದರು. ಹಲವು ಕಥೆಗಳು ಈಗಿನ ಕಾದಂಬರಿಗಳವು. ವಯಸ್ಸು ಅರವತ್ತರ ಹತ್ತಿರ ಬಂದವರು ಇಷ್ಟು ಜೋರಾಗಿ ನುಡಿಸುತ್ತಾರೆ ಎಂದು ಅಚ್ಚರಿಯಾಗುತ್ತದೆ. ಮಳೆಗಾಲದಲ್ಲಿ ಊರಿನ ಮೇಳಗಳು ಮುಂಬೈಗೆ ಬಂದಾಗ ಹಿರಿಯ ಭಾಗವತರು ಹಾಡುವುದನ್ನು ನೋಡಿದ ನಮಗೆ ಅಷ್ಟೇನೂ ಆಗಬೇಕಿಲ್ಲ ಬಿಡಿ.

ಮಗನ ಮಾತು ಮುಕ್ಕಾಲು ಸರಿ ಎಂದೆ. ಉಳಿದ ಕಾಲು ಭಾಗ ಇದು. ತಾಳಮದ್ದಳೆಯ ಜೀವ ಇರುವುದು ಆಶುಮಾತಿನಲ್ಲಿ. ಇವತ್ತಿನ ಕರ್ಣ ನಾಳೆಯ ಕರ್ಣನಲ್ಲ. ಎದುರಿನವರು ಏನು ಕೇಳುತ್ತಾರೋ ಅದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು. ಇಲ್ಲಿ ಅದಿಲ್ಲ. ಪ್ರತಿ ಸ್ವರ ಮೊದಲೇ ಬರೆದಿಟ್ಟದ್ದು. ಎರಡನೆಯದಾಗಿ, ಹಾನ್ಸಿಯ ಸಾಹಿತ್ಯ ಕಥೆಯನ್ನು ಬಿಡಿಸಿ ಹೇಳುವುದಿಲ್ಲ. ಓದಿಕೊಂಡು ಬಂದವರಿಗೆ ಮಾತ್ರ ಸುಳಿವು ಸಿಗುತ್ತದೆ. ಇಂಗ್ಲಿಷ್ ಅವರ ಮನೆಮಾತಲ್ಲದ್ದರಿಂದ ಕೆಲವು ಸಾಲುಗಳು ಸುಮ್ನೆ ಗಂಭೀರವಾಗಿ ಕೇಳಿಸುತ್ತವೆ, ಒಳಗೆ ಏನೂ ಇರುವುದಿಲ್ಲ. ನಿಮಗೆ ಪದ ಅರ್ಥವಾಗದಿದ್ದರೆ ತಪ್ಪು ಪೂರ್ತಿ ನಿಮ್ಮದಲ್ಲ.

ನಮ್ಮ ಊರಿನಲ್ಲಿ ಈ ಸಂಗೀತ ಹೊಸದು ಎಂದು ತಿಳಿಯಬೇಡಿ. ಮುಂಬೈಯ ಧೋಬಿ ತಲಾವಿನ ರಂಗ ಭವನದಲ್ಲಿ 1986ರಿಂದ ಇಂಡಿಪೆಂಡೆನ್ಸ್ ರಾಕ್ ಎಂಬ ಸಂಗೀತ ಉತ್ಸವ ನಡೆಯುತ್ತಿತ್ತು. ಸದ್ದಿನ ನಿಯಮ ಬಂದು ಆ ಬಯಲು ರಂಗಮಂದಿರದ ಕಛೇರಿಗಳು ನಿಂತವು. ಐರನ್ ಮೇಡನ್ ತನ್ನ 2008ರ ವಿಶ್ವ ಪ್ರವಾಸವನ್ನು ಫೆಬ್ರವರಿ 1ರಂದು ಶುರು ಮಾಡಿದ್ದೇ ಮುಂಬೈಯಿಂದ. ಮುಂಬೈಯದೇ ಬ್ಯಾಂಡ್ ಡೆಮೊನಿಕ್ ರಿಸರೆಕ್ಷನ್ 2017ರಲ್ಲಿ 'ದಶಾವತಾರ' ಎಂಬ ಆಲ್ಬಂ ಮಾಡಿತು. ಮತ್ಸ್ಯ, ಕೂರ್ಮದಿಂದ ಹಿಡಿದು ಒಂದೊಂದು ಅವತಾರಕ್ಕೆ ಒಂದೊಂದು ಹಾಡು. ಆದರೆ ಒಂದು ಎಚ್ಚರಿಕೆ: ಅದರಲ್ಲಿ ಗುಡುಗುವ, ಗೊಗ್ಗರು ದನಿಯೇ ಜಾಸ್ತಿ. ಬ್ಲೈಂಡ್ ಗಾರ್ಡಿಯನ್ ಅದರ ಮುಂದೆ ಭಾವಗೀತೆ.

ಇನ್ನು, ಎಲ್ಲಿಂದ ಶುರು ಮಾಡುವುದು? 'ದ ಬಾರ್ಡ್ಸ್ ಸಾಂಗ್'ನ ಕಾಡಿನ ಭಾಗದಿಂದ. ಕೋಬುರ್ಗಿನ ಜನ ಹಾಡುವ ಕಛೇರಿಯ ರೂಪ ಕೇಳಿದರೆ ಇನ್ನೂ ಒಳ್ಳೆಯದು. ಅದು ಹಿಡಿಸಿದರೆ 1998ರ ಆಲ್ಬಂನಲ್ಲಿರುವ 'ದಿ ಎಲ್ಡಾರ್'. ಪಿಯಾನೊ ಮತ್ತು ದನಿ, ಸಾಯುತ್ತಿರುವ ರಾಜನ ಮಾತು. ಆಮೇಲೆ ಫಿಂಗೋಲ್ಫಿನ್‌ನ ಹಾಡು. ಅಷ್ಟಾದ ಮೇಲೆ ಒಂದು ಭಾನುವಾರ ಮಗನ ಪಕ್ಕ ಕೂತು ಆಲ್ಬಂ ಪೂರ್ತಿ ಕೇಳಿ. ನಡುವಿನ ಮಾತಿನ ತುಣುಕುಗಳನ್ನು ಹಾರಿಸಲು ಬಿಡಬೇಡಿ. ಪ್ರತಿ ಹಾಡಿಗೆ ಮೊದಲು ಕಥೆಯನ್ನು ಅವನೇ ಹೇಳಲಿ, ಕನ್ನಡದಲ್ಲಿ. ಸಣ್ಣ ಫೋನ್ ಸ್ಪೀಕರಿನಲ್ಲಿ ಕೇಳಬೇಡಿ. ಪದರಗಳೆಲ್ಲ ಕಲಸಿ ಮತ್ತೆ ಗದ್ದಲವೇ ಆಗುತ್ತದೆ. ಸಾಧಾರಣ ಹೆಡ್‌ಫೋನ್ ಸಾಕು. 2002ರ ಆಲ್ಬಂಗೆ ಅವಸರ ಬೇಡ, ಟ್ರಾಯ್ ಹಾಡೊಂದನ್ನು ಬೇಕಾದರೆ ಕೇಳಿ. ಮೊದಲ ಎರಡು ಆಲ್ಬಂಗಳನ್ನು ಮಗನಿಗೇ ಬಿಡಿ.